ಈಡನ್ ಕಣಿವೆಯ ಶಿರಾಜ್: ಕಡ್ಡಿ ಸಮೇತ ಹುದುಗಿಸಿದ ನನ್ನ ಅನುಭವ

ಶಿರಾಜ್ ದ್ರಾಕ್ಷಿಯ ಕೆಂಪು ವೈನ್ ಎಂದರೆ ಕಪ್ಪಗಿರಬೇಕು, ನಾಲಿಗೆಗೆ ದಪ್ಪಗೆ ಹತ್ತಬೇಕು, ಹೊಸ ಓಕ್ ಮರದ ಘಮ ಮೊದಲೇ ಮೂಗಿಗೆ ಬಡಿಯಬೇಕು ಎಂಬ ಮಾತನ್ನು ದಕ್ಷಿಣ ಆಸ್ಟ್ರೇಲಿಯಾದಲ್ಲಿ ಕೆಲಸ ಕಲಿಯಲು ಸೇರಿದ ದಿನದಿಂದಲೂ ಕೇಳುತ್ತ ಬಂದಿದ್ದೇನೆ. ಎಲ್ಲರಿಗಿಂತ ಮೊದಲೇ ಕೊಯ್ಲು ಮಾಡಿ, ಮೂರನೇ ಒಂದು ಪಾಲು ಗೊಂಚಲುಗಳನ್ನು ಕಡ್ಡಿ ಬಿಡಿಸದೆ ಇಡಿಯಾಗಿ ತೊಟ್ಟಿಗೆ ಹಾಕಿ, ಹೊಸ ಪೀಪಾಯಿಯನ್ನು ಮುಟ್ಟದೆ ಶಿರಾಜ್ ಮಾಡುತ್ತೇನೆಂದು ನಾನು ಹೇಳಿದಾಗ, ಒಟ್ಟಿಗೆ ದುಡಿಯುತ್ತಿದ್ದವರಲ್ಲಿ ಒಬ್ಬರೂ ಅದನ್ನು ಒಪ್ಪಲಿಲ್ಲ. ಹಸಿರು ವಾಸನೆ ಬರುತ್ತದೆ, ಬಣ್ಣ ನಿಲ್ಲುವುದಿಲ್ಲ, ಯಾರೂ ಕೊಳ್ಳುವುದಿಲ್ಲ ಎಂಬುದು ಅವರ ಮೂರು ಆಕ್ಷೇಪಣೆಗಳು. 2023ರ ಕೊಯ್ಲಿನ ಆ ವೈನ್ ಬಾಟಲಿಗೆ ಇಳಿದು ಒಂದು ವರ್ಷ ತುಂಬುವುದರೊಳಗೆ ಪೂರ್ತಿ ಮಾರಾಟವಾಯಿತು. ಆದ್ದರಿಂದ ಈಗ ಅದರ ಬಗ್ಗೆ ಧೈರ್ಯವಾಗಿ ಬರೆಯುತ್ತಿದ್ದೇನೆ.

ಈ ತೀರ್ಮಾನಕ್ಕೆ ಬರುವ ಮೊದಲು ಹಲವು ಹಂಗಾಮುಗಳಲ್ಲಿ ದಕ್ಷಿಣ ಆಸ್ಟ್ರೇಲಿಯಾದ ಬೇರೆ ಬೇರೆ ಪ್ರದೇಶಗಳಿಂದ ಅರ್ಧ ಟನ್, ಮುಕ್ಕಾಲು ಟನ್‌ನಂತೆ ಹಣ್ಣು ತಂದು, ಒಂದೇ ಯೀಸ್ಟ್, ಒಂದೇ ಬಗೆಯ ಹಳೆಯ ಪೀಪಾಯಿ ಬಳಸಿ ಮಾಡಿ ನೋಡಿದ್ದೆ. ಪ್ರದೇಶದ ಗುಣವನ್ನು ತಿಳಿಯಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ. ಬರೋಸಾ ಬಯಲಿನ ಹಣ್ಣು ಬೇಗ ಮಾಗುತ್ತದೆ, ಸಕ್ಕರೆ ಬೇಗ ಏರುತ್ತದೆ; ವೈನಿನಲ್ಲಿ ಪ್ಲಮ್, ಚಾಕೊಲೇಟ್, ಅತಿಮಧುರದ ಛಾಯೆ, ಒಗರು ಮೃದು, ಮದ್ಯಸಾರ ಸುಮ್ಮನೆ ಬಿಟ್ಟರೆ ಶೇ. 15 ದಾಟುತ್ತದೆ. ಮೆಕ್ಲಾರೆನ್ ವೇಲ್‌ನಲ್ಲಿ ಸಮುದ್ರದ ಗಾಳಿ ಮಧ್ಯಾಹ್ನದ ಸೆಕೆಯನ್ನು ತಗ್ಗಿಸುವುದರಿಂದ ಹಣ್ಣಿನ ರುಚಿ ದುಂಡಗಿರುತ್ತದೆ. ಅಲ್ಲಿಯೇ ಎತ್ತರದ ಬ್ಲೂವಿಟ್ ಸ್ಪ್ರಿಂಗ್ಸ್‌ನ ಮರಳು ಮಣ್ಣಿನ ತೋಟದಿಂದ ತಂದ ಹಣ್ಣಿನಲ್ಲಿ ಘಮ ಹೆಚ್ಚು, ತೂಕ ಕಡಿಮೆ. ಕ್ಲೇರ್ ಕಣಿವೆಯ ಶಿರಾಜ್‌ನಲ್ಲಿ ಒಗರು ಬಿಗಿ, ಜೊತೆಗೆ ಪುದೀನ ಮತ್ತು ನೀಲಗಿರಿ ಎಲೆಯನ್ನು ನೆನಪಿಸುವ ತಂಪು. ಬರೋಸಾ ಬಯಲಿಗೆ ಅಂಟಿಕೊಂಡೇ, ಸುಮಾರು 400ರಿಂದ 500 ಮೀಟರ್ ಎತ್ತರದಲ್ಲಿರುವ ಈಡನ್ ಕಣಿವೆಯ ಹಣ್ಣು ಮಾತ್ರ ಕಾಳುಮೆಣಸು, ವಯೊಲೆಟ್ ಹೂವು, ನೇರಳೆ ಹಣ್ಣಿನ ತೊಗರು, ಇವುಗಳ ಜೊತೆಗೆ ತನ್ನ ಹುಳಿಯನ್ನೂ ಉಳಿಸಿಕೊಂಡು ತೊಟ್ಟಿಗೆ ಬರುತ್ತಿತ್ತು. ಆ ಹುಳಿಯನ್ನು ಕಂಡಾಗಲೇ ನಾನು ಅರ್ಧ ನಿರ್ಧಾರ ಮಾಡಿದ್ದೆ.

ಉಳಿದರ್ಧ ನಿರ್ಧಾರವಾದದ್ದು ಫ್ರಾನ್ಸಿನ ಉತ್ತರ ರೋನ್‌ನಲ್ಲಿ. ಒಂದು ಕೊಯ್ಲಿನ ಕಾಲದಲ್ಲಿ ಕೆಲವು ವಾರ ಅಲ್ಲಿ ಕೂಲಿ ಕೆಲಸ ಮಾಡಿದೆ. ಎರ್ಮಿಟಾಜ್ ಗುಡ್ಡದ ವೈನಿನ ಗಾಂಭೀರ್ಯ, ಕೋರ್ನಾಸ್‌ನ ಒರಟುತನ, ಕೋಟ್ ರೋಟಿಯ ಹೂವಿನ ಘಮ ಇವು ಒಂದೇ ದ್ರಾಕ್ಷಿಯವು (ಶಿರಾಜ್‌ಗೆ ಅಲ್ಲಿನ ಹೆಸರು ಸಿರಾ), ಕೆಲವೇ ಹತ್ತು ಕಿಲೋಮೀಟರುಗಳ ಅಂತರದವು. ಕಡ್ಡಿ ಸಮೇತ ಗೊಂಚಲು ಹಾಕುವುದು ಅಲ್ಲಿ ಹೊಸ ಫ್ಯಾಷನ್ನಲ್ಲ, ಹಿರಿಯರಿಂದ ಬಂದ ಪದ್ಧತಿ. ಕೆಲವರು ಬಿಟ್ಟಿದ್ದಾರೆ, ಕೆಲವರು ಹಿಡಿದುಕೊಂಡಿದ್ದಾರೆ. ವೈನಿಗೆ ತೆಳುವಾದ ಮೈ ಇದ್ದರೂ ಬಾಯಿ ತುಂಬ ರುಚಿ ನಿಲ್ಲಬಲ್ಲದು ಎಂಬುದನ್ನು ನಾನು ಅಲ್ಲಿ ಕಣ್ಣಾರೆ ಕಂಡೆ.

ಮರಳಿ ಬಂದ ಮೇಲಿನ ಮೊದಲ ಪ್ರಯೋಗವನ್ನು ಬರೋಸಾ ಬಯಲಿನ ಹಣ್ಣಿನಲ್ಲಿಯೇ ಮಾಡಿದೆ, ಏಕೆಂದರೆ ಕೈಗೆ ಸಿಕ್ಕದ್ದು ಅದು. ಫಲಿತಾಂಶ ಚೆನ್ನಾಗಿರಲಿಲ್ಲ. ಬಿಸಿಲಿನ ಬಯಲಿನ ಹಣ್ಣಿನಲ್ಲಿ ಪಿಎಚ್ (ಅದು ಏರಿದಷ್ಟೂ ಹುಳಿ ಕಡಿಮೆ) ಮೊದಲೇ 3.7ರ ಆಸುಪಾಸಿನಲ್ಲಿರುತ್ತದೆ; ಕಡ್ಡಿಯಲ್ಲಿರುವ ಪೊಟ್ಯಾಶಿಯಂ ಅದನ್ನು ಇನ್ನಷ್ಟು ಮೇಲಕ್ಕೆ ತಳ್ಳಿ ಹೆಚ್ಚೂಕಡಿಮೆ 3.9ಕ್ಕೆ ತಂದು ನಿಲ್ಲಿಸಿತು. ಟಾರ್ಟಾರಿಕ್ ಆಮ್ಲವನ್ನು ಲೀಟರಿಗೆ ಎರಡು ಗ್ರಾಂ ಸೇರಿಸಿದರೂ ಅದು ಹುಳಿಯಾಗಿ ಬೇರೆಯೇ ನಿಂತಿತು, ವೈನಿನೊಳಗೆ ಬೆರೆಯಲಿಲ್ಲ. ಪೀಪಾಯಿಗೆ ಹೋದ ಮೇಲೆ ವೈನ್ ಕೆಡದಂತೆ ಹಾಕುವ ಗಂಧಕ ಸರಿಯಾಗಿ ಹಿಡಿಯದೆ ಕುದುರೆ ಲಾಯದ ವಾಸನೆ ತಲೆಯೆತ್ತಿತು. ಆ ಒಂದೂವರೆ ಪೀಪಾಯಿಯಷ್ಟು ವೈನನ್ನು ಲೀಟರಿಗೆ ಒಂದು ಡಾಲರಿನಂತೆ ಸಗಟಾಗಿ ಕೊಡಬೇಕಾಯಿತು. ಹಣ್ಣಿನ ದುಡ್ಡೂ ಹುಟ್ಟಲಿಲ್ಲ.

ಅದರ ನಂತರದ ಪ್ರಯತ್ನಕ್ಕೆ ಅಡಿಲೇಡ್ ಹಿಲ್ಸ್‌ನ ತಂಪು ತೋಟವೊಂದರ ಜೊತೆ ಮಾತಾಗಿತ್ತು. 2019ರ ಡಿಸೆಂಬರಿನಲ್ಲಿ ಕಡ್ಲೀ ಕ್ರೀಕ್ ಕಾಳ್ಗಿಚ್ಚು ಬಂತು. ನಾನು ಮಾತಾಡಿದ್ದ ತೋಟ ಸುಡಲಿಲ್ಲ, ಹೊಗೆ ಮಾತ್ರ ಹೊಕ್ಕಿತು. ಹಣ್ಣು ತಿಂದರೆ ಏನೂ ತಿಳಿಯುತ್ತಿರಲಿಲ್ಲ. ಹೊಗೆಯ ಅಂಶ ಹಣ್ಣಿನಲ್ಲಿ ಸಕ್ಕರೆಗೆ ಕಟ್ಟಿಕೊಂಡು ಕುಳಿತಿರುತ್ತದೆ, ಹುದುಗುವಾಗ ಬಿಡಿಸಿಕೊಂಡು ಹೊರಬರುತ್ತದೆ. ಒಂದು ಬಕೆಟ್ ಹಣ್ಣನ್ನು ಮುಂಚಿತವಾಗಿ ಹುದುಗಿಸಿ ನೋಡಿದಾಗ ವಾರದೊಳಗೆ ಒಲೆಯ ಬೂದಿಯ ರುಚಿ ನಾಲಿಗೆಯ ಹಿಂಭಾಗದಲ್ಲಿ ನಿಂತಿತು. ಹಣ್ಣು ತರಲಿಲ್ಲ, ಮುಂಗಡವೂ ಮರಳಿ ಬರಲಿಲ್ಲ. ಅಂಥ ವರ್ಷಗಳಲ್ಲಿ ಈ ಬಕೆಟ್ ಪರೀಕ್ಷೆಯನ್ನು ಯಾರೂ ತಪ್ಪಿಸಬಾರದು.

ಈಡನ್ ಕಣಿವೆಯ ತೋಟ ಸಿಕ್ಕಿದ್ದು ಚೀನಾ ಸುಂಕದ ಕಾಲದಲ್ಲಿ. 2020ರ ಕೊನೆಯಿಂದ ಆಸ್ಟ್ರೇಲಿಯಾದ ಬಾಟಲಿ ವೈನಿನ ಮೇಲೆ ಚೀನಾ ಕೆಲವು ಕಂಪನಿಗಳಿಗೆ ಶೇ. 200ಕ್ಕೂ ಮಿಕ್ಕುವಷ್ಟು ಸುಂಕ ಹೇರಿದ ಮೇಲೆ ಕೆಂಪು ವೈನ್ ಟ್ಯಾಂಕುಗಳಲ್ಲಿಯೇ ಉಳಿಯಿತು, ದೊಡ್ಡ ವೈನರಿಗಳು ಕರಾರು ಮುಂದುವರಿಸಲು ಹಿಂಜರಿದವು, ಅದುವರೆಗೆ ನನ್ನಂಥ ಸಣ್ಣವರಿಗೆ ಎರಡು ಟನ್ ಹಣ್ಣು ಕೊಡಲು ಒಪ್ಪದಿದ್ದ ಬೆಳೆಗಾರರು ತಾವಾಗಿಯೇ ಫೋನ್ ಮಾಡತೊಡಗಿದರು. ಹೀಗೆ ಪರಿಚಯವಾದ ವೃದ್ಧ ಬೆಳೆಗಾರರೊಬ್ಬರು ದಕ್ಷಿಣಕ್ಕೆ ಇಳಿಜಾರಾಗಿರುವ ತಮ್ಮ ತೋಟದ ಕೆಳಗಿನ ಸಾಲುಗಳನ್ನು ತೋರಿಸಿ, ಅಲ್ಲಿ ಹಣ್ಣು ಸರಿಯಾಗಿ ಮಾಗುವುದಿಲ್ಲವೆಂದು ಯಾವ ವೈನರಿಯೂ ಇಷ್ಟಪಡುವುದಿಲ್ಲ ಎಂದರು. ಭೂಮಧ್ಯರೇಖೆಯ ಆಚೆಗೆ ದಕ್ಷಿಣದ ಇಳಿಜಾರು ಎಂದರೆ ಬಿಸಿಲು ಕಡಿಮೆ. ನನಗೆ ಬೇಕಾಗಿದ್ದದ್ದು ಅದೇ.

ಶಿರಾಜ್‌ನ ಮೆಣಸಿನ ಘಮಕ್ಕೆ ರೋಟಂಡೋನ್ ಎಂಬ ವಸ್ತು ಕಾರಣವೆಂದು ಅಡಿಲೇಡಿನ ಆಸ್ಟ್ರೇಲಿಯನ್ ವೈನ್ ರಿಸರ್ಚ್ ಇನ್‌ಸ್ಟಿಟ್ಯೂಟ್ 2008ರಲ್ಲಿ ತೋರಿಸಿಕೊಟ್ಟಿತು. ನಮ್ಮ ಕಾಳುಮೆಣಸಿನಲ್ಲಿ ಇರುವುದೂ ಅದೇ. ತಂಪು ಜಾಗ, ನೆರಳಿನ ಗೊಂಚಲು, ದಕ್ಷಿಣಕ್ಕೆ ಮುಖ ಮಾಡಿದ ಸಾಲು, ಇಂಥ ಕಡೆಗಳಲ್ಲಿ ಅದು ಸಿಪ್ಪೆಯಲ್ಲಿ ಹೆಚ್ಚು ಸೇರುತ್ತದೆ. ಒಂದು ಲೀಟರ್ ಕೆಂಪು ವೈನಿನಲ್ಲಿ 16 ನ್ಯಾನೋಗ್ರಾಂ ಇದ್ದರೂ ಮೂಗಿಗೆ ತಿಳಿಯುತ್ತದೆ. ಆದರೆ ಸುಮಾರು ಐವರಲ್ಲಿ ಒಬ್ಬರಿಗೆ ಬಹಳ ಹೆಚ್ಚಿದ್ದರೂ ತಿಳಿಯುವುದಿಲ್ಲ. ಈ ಕೊನೆಯ ಸಂಗತಿ ವ್ಯಾಪಾರಕ್ಕೆ ಬಹಳ ಮುಖ್ಯ. ನನ್ನ ವೈನನ್ನು ರುಚಿಯಿಲ್ಲವೆಂದು ತಿರಸ್ಕರಿಸಿದ ಅಂಗಡಿಯವರೊಬ್ಬರ ಮುಂದೆ ಕಾಳುಮೆಣಸಿನ ಪುಡಿಯನ್ನು ಇಟ್ಟಾಗ ಅವರಿಗೆ ಖಾರದ ಉರಿ ತಿಳಿಯಿತೇ ಹೊರತು ಆ ಘಮ ತಿಳಿಯಲಿಲ್ಲ. ಅಂಥವರಿಗೆ ಈ ಶೈಲಿಯನ್ನು ಮಾರಲು ಹೋಗಬಾರದು.

2023 ತಂಪಿನ ವರ್ಷ, ಕೊಯ್ಲು ಎಲ್ಲೆಡೆ ತಡವಾಯಿತು. ಏಪ್ರಿಲ್ ಬಂದರೂ ಆ ಸಾಲುಗಳಲ್ಲಿ ಬೋಮೆ, ಅಂದರೆ ರಸದ ಸಕ್ಕರೆಯ ಅಳತೆ, 12.5 ದಾಟಿರಲಿಲ್ಲ. ದಿನ ಬಿಟ್ಟು ದಿನ ಹೋಗಿ ನೋಡುತ್ತಿದ್ದೆ. ನಾನು ನೋಡುವುದು ಹಣ್ಣಿಗಿಂತ ಹೆಚ್ಚಾಗಿ ಕಡ್ಡಿಯನ್ನು. ಬಳ್ಳಿಗೆ ಸೇರುವ ಗಂಟಿನಿಂದ ಕಂದು ಬಣ್ಣ ಕೆಳಗಿಳಿದು ಗೊಂಚಲಿನ ಹೆಗಲನ್ನು ದಾಟಬೇಕು. ತುದಿಯ ಕವಲುಗಳು ಹಸಿರಾಗಿಯೇ ಇರಲಿ, ಪರವಾಗಿಲ್ಲ. ಅಲ್ಲಿಂದ ಒಂದು ತುಂಡು ಮುರಿದು ಅಗಿಯಬೇಕು: ಮುರಿಯುವಾಗ ಹಸಿ ನಾರಿನಂತೆ ಬಾಗದೆ ಚಟ್ ಎನ್ನಬೇಕು, ಮೊದಲು ಒಗರು ಬಂದು ಆಮೇಲೆ ಒಣ ಮಸಾಲೆಯ ರುಚಿ ಬರಬೇಕು, ಹಸಿ ಬೀನ್ಸಿನ ರುಚಿ ಬಂದರೆ ಇನ್ನೂ ಕಾಯಬೇಕು. ಬೋಮೆ 13ರ ಹತ್ತಿರ ಬಂದ ದಿನ ಕೈಯಿಂದ ಕೊಯ್ಸಿದೆ. ಪಕ್ಕದ ತೋಟದವರು ಆಗ 14ಕ್ಕೆ ಕಾಯುತ್ತಿದ್ದರು.

ತೊಟ್ಟಿ ತುಂಬುವ ಕ್ರಮ ಹೀಗಿತ್ತು. ಇಡೀ ಗೊಂಚಲುಗಳನ್ನು ತಳಕ್ಕೆ ಹರಡಿ, ಅವುಗಳ ಮೇಲೆ ಕಡ್ಡಿ ಬಿಡಿಸಿದ ಹಣ್ಣನ್ನು ಸುರಿದೆ. ಹಣ್ಣನ್ನು ಜಜ್ಜಲಿಲ್ಲ. ನಾಲ್ಕೈದು ದಿನ ತಂಪಿನಲ್ಲಿಟ್ಟು, ತಾನಾಗಿ ಹುದುಗು ಹತ್ತಲು ಬಿಟ್ಟೆ. ಮೊದಲ ವಾರ ಮೇಲಿನ ಸಿಪ್ಪೆಯ ಪದರವನ್ನು ಒದ್ದೆ ಮಾಡಿದ್ದು ಬಿಟ್ಟರೆ ಬೇರೇನೂ ಮಾಡಲಿಲ್ಲ. ತಳದಲ್ಲಿ ಒಡೆಯದೆ ಉಳಿದ ಹಣ್ಣಿನೊಳಗೇ ಹುದುಗುವಿಕೆ ನಡೆಯಬೇಕು, ಹೂವಿನ ಘಮ ಬರುವುದು ಅಲ್ಲಿಂದ. ಆಮೇಲೆ ದಿನಕ್ಕೊಮ್ಮೆ ಬರಿಗಾಲಿನಲ್ಲಿ ಇಳಿದು ತುಳಿದೆ. ತುಳಿಯುವಾಗ ಕಾಲಿನ ಕೆಳಗೆ ತಣ್ಣನೆಯ ಗಟ್ಟಿ ಗೊಂಚಲು ಸಿಕ್ಕ ಜಾಗದಲ್ಲಿ ಒತ್ತಿದರೆ ಸಿಹಿ ರಸ ಬುಗ್ಗೆಯೇಳುತ್ತದೆ, ಬೋಮೆ ಮತ್ತೆ ಅರ್ಧ ಡಿಗ್ರಿಯಷ್ಟು ಮೇಲೇರುತ್ತದೆ. ಹೈಡ್ರೋಮೀಟರ್ ನೋಡಿ ಗಾಬರಿಯಾಗಬಾರದು. ಉಷ್ಣತೆ 28 ಡಿಗ್ರಿ ದಾಟದಂತೆ ನೋಡಿಕೊಂಡೆ. ಎಷ್ಟನೇ ದಿನ ಪ್ರೆಸ್‌ಗೆ ಹಾಕಿದೆ, ಯಾವ ರುಚಿ ಕಂಡಾಗ ಹಾಕಿದೆ ಎಂಬುದನ್ನು ನಾನು ಹೇಳುವುದಿಲ್ಲ. ಈ ಶೈಲಿಯ ಜೀವ ಇರುವುದೇ ಅಲ್ಲಿ, ಅದನ್ನು ಕಂಡುಕೊಳ್ಳಲು ನನಗೆ ಬಹಳ ಖರ್ಚಾಗಿದೆ.

ಪೀಪಾಯಿಯ ವಿಷಯದಲ್ಲಿ ನನ್ನ ಅಭಿಪ್ರಾಯ ಖಚಿತ. ಪೆನ್‌ಫೋಲ್ಡ್ಸ್ ವೈನ್ ಕಂಪನಿಯ ವೈನ್ ತಯಾರಕ ಮ್ಯಾಕ್ಸ್ ಶೂಬರ್ಟ್ 1951ರಲ್ಲಿ ಹೊಸ ಅಮೆರಿಕನ್ ಓಕ್ ಬಳಸಿ ಗ್ರೇಂಜ್ ಎಂಬ ಶಿರಾಜ್ ವೈನನ್ನು ಆರಂಭಿಸಿದಾಗ ಯಾರೂ ಮೆಚ್ಚಲಿಲ್ಲ, 1957ರಲ್ಲಿ ನಿಲ್ಲಿಸುವಂತೆ ಆಜ್ಞೆಯಾಯಿತು, ಅವರು ಗುಟ್ಟಾಗಿ ಮುಂದುವರಿಸಿದರು. ಆ ಛಲಕ್ಕೆ ನನ್ನ ನಮಸ್ಕಾರವಿದೆ. ಆದರೆ ಅವರ ಬಳಿಯಿದ್ದದ್ದು ಬಿಸಿಲಿನಲ್ಲಿ ಬಲಿತ, ಅಂಥ ಮರದ ಭಾರ ಹೊರಬಲ್ಲ ಹಣ್ಣು. ಈಡನ್‌ನ ಕೆಳಸಾಲಿನ ಹಣ್ಣಿಗೆ ಹೊಸ ಓಕ್ ಹಾಕುವುದು ಮಲ್ಲಿಗೆ ಮೊಗ್ಗಿಗೆ ಇಂಗಿನ ಒಗ್ಗರಣೆ ಹಾಕಿದಂತೆ. ಹೋಲಿಕೆಗಾಗಿ ಒಂದಿಷ್ಟನ್ನು ಹೊಸ ಫ್ರೆಂಚ್ ಓಕಿನಲ್ಲಿ ಇಟ್ಟು ನೋಡಿದೆ. ಮೂರು ತಿಂಗಳಲ್ಲಿ ಮೆಣಸು ಅಡಗಿ ವೆನಿಲಾ ಮೇಲೆದ್ದಿತು. ಉಳಿದದ್ದೆಲ್ಲ ಎರಡು ಹಳೆಯ 500 ಲೀಟರಿನ ಪೀಪಾಯಿಗಳಲ್ಲಿ ಮತ್ತು ಒಂದು 300ರದ್ದರಲ್ಲಿ ಹತ್ತು ಹನ್ನೊಂದು ತಿಂಗಳು ಇತ್ತು.

ನಡುನಡುವೆ ಸಣ್ಣ ಪ್ರಯೋಗಗಳನ್ನೂ ಮಾಡಿದೆ. ಕೋಟ್ ರೋಟಿಯಲ್ಲಿ ಬಿಳಿ ದ್ರಾಕ್ಷಿ ವಿಯೊನ್ಯೆಯನ್ನು ಶೇ. 20ರವರೆಗೆ ಸೇರಿಸಲು ನಿಯಮದಲ್ಲೇ ಅವಕಾಶವಿದೆ. ಕ್ಯಾನ್‌ಬೆರಾ ಬಳಿಯ ಕ್ಲೋನಾಕಿಲ್ಲಾ ವೈನರಿ ಅದೇ ಜೋಡಿಯಿಂದ ಹೆಸರು ಮಾಡಿದೆ. ನಾನು ಹಿಂಡಿ ಉಳಿದ ವಿಯೊನ್ಯೆ ಸಿಪ್ಪೆಯನ್ನು ಶೇ. ಮೂರು ನಾಲ್ಕರಷ್ಟು ಹಾಕಿದೆ. ಬಣ್ಣ ತೆಳುವಾಗುವ ಬದಲು ಹೊಳಪೇರಿತು, ಆದರೆ ಏಪ್ರಿಕಾಟ್ ವಾಸನೆ ವಯೊಲೆಟನ್ನು ನುಂಗಿತು, ಮುಂದೆ ಶೇ. ಒಂದಕ್ಕಿಂತ ಹೆಚ್ಚು ಹಾಕುವುದಿಲ್ಲ. ಎಲೆಯಲ್ಲಿಯೂ ರೋಟಂಡೋನ್ ಇದೆಯೆಂದು ಒಂದು ಬಕೆಟ್ಟಿಗೆ ಎಲೆ ಸೇರಿಸಿ ನೋಡಿದಾಗ ಮೆಣಸೇನೋ ಬಂತು, ಅದಕ್ಕಿಂತ ಹೆಚ್ಚಾಗಿ ಚಹಾದ ಚರಟದ ಕಹಿ ಬಂತು. 2017ರಿಂದ ಇಲ್ಲಿ ಅತಿಯಾಗಿ ಮಾಗಿದ ಹಣ್ಣಿನ ರಸಕ್ಕೆ ಬೋಮೆ 13.5ಕ್ಕಿಂತ ಕೆಳಗಿಳಿಯದಂತೆ ನೀರು ಸೇರಿಸಲು ಅನುಮತಿಯಿದೆ. ಬರೋಸಾ ಬಯಲಿನ ಹಣ್ಣಿನಲ್ಲಿ ಅದನ್ನೂ ಪರೀಕ್ಷಿಸಿದೆ. ಮದ್ಯಸಾರ ಇಳಿಯಿತು, ಒಣದ್ರಾಕ್ಷಿಯ ರುಚಿ ಇಳಿಯಲಿಲ್ಲ. ನೀರು ಬೇಗ ಕೊಯ್ಲಿಗೆ ಬದಲಿಯಾಗಲಾರದು.

ಈಗ ಹಣದ ಮಾತು. ನೆನಪಿನಿಂದ ಬರೆಯುತ್ತಿರುವ ಸುಮಾರು ಲೆಕ್ಕ ಇದು. ಎರಡು ಟನ್ ಹಣ್ಣಿಗೆ 4,800 ಡಾಲರ್, ಕೊಯ್ಲು ಮತ್ತು ಸಾಗಾಣಿಕೆಗೆ 1,500, ಪರವಾನಗಿಯಿರುವ ವೈನರಿಯಲ್ಲಿ ಜಾಗದ ಬಾಡಿಗೆ 2,500, ಹಳೆಯ ಪೀಪಾಯಿಗಳಿಗೆ 800, ಬಾಟಲಿ, ಮುಚ್ಚಳ, ಲೇಬಲ್, ತುಂಬುವ ಕೂಲಿ ಸೇರಿ 6,500ರ ಹತ್ತಿರ. ಬಂದದ್ದು 1,300 ಲೀಟರ್, ಅಂದರೆ 1,700 ಬಾಟಲಿಗಳಷ್ಟು. ಬಾಟಲಿಯೊಂದಕ್ಕೆ ಸುಮಾರು ಒಂಬತ್ತೂವರೆ ಡಾಲರ್ ಬಿತ್ತು. ಅಷ್ಟೂ ವೈನನ್ನು ಹೊಸ ಫ್ರೆಂಚ್ ಪೀಪಾಯಿಯಲ್ಲಿ ಇಟ್ಟಿದ್ದರೆ ಇನ್ನು ಏಳೆಂಟು ಸಾವಿರ ಹೆಚ್ಚಾಗುತ್ತಿತ್ತು. ಅಂಗಡಿ ಮತ್ತು ಹೋಟೆಲುಗಳಿಗೆ 19ರಂತೆ, ನೇರವಾಗಿ ಕೊಂಡವರಿಗೆ 32ರಂತೆ ಮಾರಿದೆ. ಶೇ. 29ರ ವೈನ್ ತೆರಿಗೆ ದೊಡ್ಡದೇ, ಆದರೆ ಸಣ್ಣ ಉತ್ಪಾದಕರಿಗೆ ಸಿಗುವ ಮರುಪಾವತಿ ನನ್ನ ಮಟ್ಟದಲ್ಲಿ ಅದರ ಹೊರೆಯನ್ನು ಬಹುಪಾಲು ಇಳಿಸುತ್ತದೆ. ಮೂರು ಆಕ್ಷೇಪಣೆಗಳನ್ನು ಎತ್ತಿದ್ದವರಲ್ಲಿ ಒಬ್ಬರು ಈಗ ತಮ್ಮ ತೊಟ್ಟಿಯೊಂದರಲ್ಲಿ ಶೇ. 20 ಗೊಂಚಲು ಹಾಕಿದ್ದಾರೆ.

ಚಿಕ್ಕಬಳ್ಳಾಪುರದ ಕಡೆ ದ್ರಾಕ್ಷಿ ತೋಟವಿರುವ ನನ್ನ ದೊಡ್ಡಪ್ಪನ ಮಗ ಬಾಟಲಿ ರುಚಿ ನೋಡಿ, "ಅಲ್ಲಪ್ಪಾ, ಕಡ್ಡಿ ಸಮೇತ ಹಾಕಿದರೂ ಕಹಿ ಇಲ್ಲವಲ್ಲ, ನಂದಿ ತಪ್ಪಲಲ್ಲಿ ನಾವೂ ಹೀಗೇ ಮಾಡಬಹುದೇನು?" ಎಂದು ಕೇಳಿದರು. ಅವರಿಗೆ ಹೇಳಿದ್ದನ್ನೇ ಇಲ್ಲಿಯೂ ಬರೆಯುತ್ತೇನೆ. "ಅಣ್ಣಾ, ಅಲ್ಲಿ ಸೆಪ್ಟೆಂಬರ್ ಅಕ್ಟೋಬರಿನಲ್ಲಿ ಸವರಿದ ಬಳ್ಳಿಯ ಹಣ್ಣು ಮಾಗುವುದು ಫೆಬ್ರವರಿ ಮಾರ್ಚಿನಲ್ಲಿ, ಬಿಸಿಲು ಏರುತ್ತಿರುವಾಗ. ನೀವು ಕಸಿಗೆ ಬಳಸುವ ಡಾಗ್‌ರಿಡ್ಜ್ ಬೇರುಕಾಂಡ ಪೊಟ್ಯಾಶಿಯಂ ಹೆಚ್ಚು ಎಳೆಯುತ್ತದೆ, ಪಿಎಚ್ ಮೊದಲೇ ಮೇಲಿರುತ್ತದೆ. ಅದರ ಮೇಲೆ ಕಡ್ಡಿಯೂ ಸೇರಿದರೆ ಬರೋಸಾ ಬಯಲಿನಲ್ಲಿ ನನಗಾದದ್ದೇ ನಿಮಗೂ ಆಗುತ್ತದೆ. ಮೊದಲ ವರ್ಷ ಶೇ. ಐದಕ್ಕಿಂತ ಹೆಚ್ಚು ಬೇಡ, ಅದೂ ನೆರಳಿನ ಸಾಲಿನದ್ದು, ಮತ್ತು ಹುದುಗುವ ಮೊದಲೇ ಆಮ್ಲ ಸೇರಿಸಿ." ಅವರು ಈ ಬಾರಿ ಒಂದು ಡ್ರಮ್ಮಿನಷ್ಟು ಮಾಡಿ ನೋಡಲು ಪರಿಚಯದ ವೈನರಿಯೊಂದನ್ನು ಒಪ್ಪಿಸಿದ್ದಾರೆ. ನಾನು ಕೆಳಸಾಲುಗಳ ಜೊತೆಗೆ ಅವುಗಳ ಮೇಲಿನ ನಾಲ್ಕಾರು ಸಾಲುಗಳಿಗೂ ಕರಾರು ಮಾಡಿಕೊಂಡಿದ್ದೇನೆ. ಬೆಳೆಗಾರರು ಟನ್ನಿಗೆ 200 ಡಾಲರ್ ಏರಿಸಿದ್ದಾರೆ, ನಾನು ಚೌಕಾಸಿ ಮಾಡಲಿಲ್ಲ.