ಹೋಗಿದ್ದು ರಿಂಗಲ್ಲ, ಲಿವರ್
ಚನ್ನಗಿರಿ ಕಡೆಯ ನಮ್ಮ ಅಡಿಕೆ ತೋಟದಲ್ಲಿ ಕರೆಂಟ್ ಮೋಟರ್ ಇದ್ದರೂ ಅಪ್ಪನ ಕಾಲದ ಡೀಸೆಲ್ ಇಂಜಿನ್ನನ್ನು ನಾನು ಬಿಟ್ಟಿಲ್ಲ. ಒಂಟಿ ಸಿಲಿಂಡರ್, 5 ಎಚ್‌ಪಿ, ಬೋರು (ಸಿಲಿಂಡರಿನ ಒಳಗಲ) 80 ಮಿ.ಮೀ., ಸ್ಟ್ರೋಕು (ಪಿಸ್ಟನ್ ಓಡುವ ದೂರ) 110 ಮಿ.ಮೀ. ಬ್ಯಾಟರಿ ಇಲ್ಲ, ಸೆಲ್ಫ್ ಇಲ್ಲ, ಹ್ಯಾಂಡಲ್ ಹೊಡೆದೇ ಎಬ್ಬಿಸಬೇಕು. "ಮೊದಲು ಲಿವರ್ ಎತ್ತು, ಆಮೇಲೆ ಹ್ಯಾಂಡಲ್ ಮುಟ್ಟು" ಅಂತ ಅಪ್ಪ ಹೇಳಿಕೊಟ್ಟಾಗ ನನಗೆ ಹದಿನಾಲ್ಕು ವರ್ಷ. ಇಂಜಿನ್ನಿನ ತಲೆಯ ಮೇಲಿನ ಆ ಡಿಕಂಪ್ರೆಶನ್ ಲಿವರ್ ಏನು ಮಾಡುತ್ತದೆ ಅಂತ ನನಗೆ ಸರಿಯಾಗಿ ತಿಳಿದದ್ದು ಮಾತ್ರ ಅದು ಕೈಕೊಟ್ಟ ಮೇಲೆ.

ಡೀಸೆಲ್ ಇಂಜಿನ್ನಿಗೆ ಸ್ಪಾರ್ಕ್ ಪ್ಲಗ್ ಇಲ್ಲ. ಗಾಳಿಯನ್ನು ಹದಿನಾರು ಹದಿನೇಳು ಪಟ್ಟು ಒತ್ತಿ, ಆ ಬಿಸಿಗೇ ಡೀಸೆಲ್ ಹೊತ್ತಿಕೊಳ್ಳಬೇಕು. ನಮ್ಮ ಪಿಸ್ಟನ್ನಿನ ತಲೆ ಸುಮಾರು 50 ಚದರ ಸೆಂ.ಮೀ. ಚದರ ಸೆಂಟಿಮೀಟರಿಗೆ 30 ಕಿಲೋ ಒತ್ತಡ ಅಂತ ಹಿಡಿದರೂ ಪಿಸ್ಟನ್ ತುದಿ ಮುಟ್ಟುವಾಗ ಅದರ ಮೇಲೆ ಒಂದೂವರೆ ಟನ್ ಭಾರ. ನಿಂತ ಇಂಜಿನ್ನಿನಲ್ಲಿ ಇದನ್ನು ತೋಳಿನ ಬಲದಿಂದ ದಾಟಿಸಲಾಗದು. ಅದಕ್ಕೇ ಲಿವರ್. ಎತ್ತಿದರೆ ರಾಕರ್ ಕವರಿನೊಳಗಿನ (ಇಂಜಿನ್ನಿನ ತಲೆಯ ಮುಚ್ಚಳದೊಳಗಿನ) ಒಂದು ಸ್ಕ್ರೂ, ಹೊಗೆ ಹೊರಬಿಡುವ ಎಕ್ಸಾಸ್ಟ್ ವಾಲ್ವನ್ನು ಒತ್ತುವ ರಾಕರ್ ಎಂಬ ತೋಳನ್ನು ಅದುಮಿ ಆ ವಾಲ್ವನ್ನು ಕೊಂಚ ತೆರೆದಿಡುತ್ತದೆ. ಗಾಳಿ ಹೊರಗೆ ಹೋಗುವುದರಿಂದ ಫ್ಲೈವೀಲು, ಅಂದರೆ ಇಂಜಿನ್ನಿನ ಭಾರದ ಚಕ್ರ, ಹಗುರವಾಗಿ ಸುತ್ತುತ್ತದೆ. ವೇಗ ಬಂದ ಮೇಲೆ ಲಿವರ್ ಬಿಟ್ಟರೆ ಆ ಒಂದೂವರೆ ಟನ್ನನ್ನು ದಾಟಿಸುವುದು ಫ್ಲೈವೀಲಿನ ಓಟ, ನಮ್ಮ ತೋಳಲ್ಲ.

ಇಂಗ್ಲೆಂಡಿನ ಹಳೆಯ ಫೀಲ್ಡ್ ಮಾರ್ಷಲ್ ಟ್ರ್ಯಾಕ್ಟರಿನಲ್ಲಿ ಈ ಲಿವರ್ ಬಿಡುವ ಕೆಲಸವನ್ನೂ ಫ್ಲೈವೀಲಿಗೇ ವಹಿಸಿದ್ದರು. ಫ್ಲೈವೀಲಿನ ಮೈಮೇಲೆ ಸುರುಳಿಯಾಗಿ ಕೊರೆದ ಒಂದು ಕಾಲುವೆ. ಅದರಲ್ಲಿ ಪುಟ್ಟ ರೋಲರ್ ಕೂರಿಸಿ ಹ್ಯಾಂಡಲ್ ತಿರುಗಿಸಿದರೆ ಕೆಲವು ಸುತ್ತಾದ ಮೇಲೆ ರೋಲರ್ ಕಾಲುವೆಯ ತುದಿಗೆ ಬಂದು ವಾಲ್ವು ತಾನೇ ಮುಚ್ಚಿಕೊಳ್ಳುತ್ತಿತ್ತು. ಆರು ಲೀಟರಿನ ಒಂದೇ ಸಿಲಿಂಡರ್ ಅದು. ಎಂಥ ಅಚ್ಚುಕಟ್ಟು ಯೋಚನೆ!

ನಮ್ಮ ಇಂಜಿನ್ನಿನ ಹೆಡ್ (ಸಿಲಿಂಡರಿನ ಮೇಲ್ಭಾಗ) ಬಿಚ್ಚಿಸಿ, ವಾಲ್ವು ತನ್ನ ಸೀಟಿನಲ್ಲಿ ಸರಿಯಾಗಿ ಕೂರುವಂತೆ ಗ್ರೈಂಡ್ ಮಾಡಿಸಿದ ಮಾರನೆಯ ದಿನ ತೊಂದರೆ ಶುರುವಾಯಿತು. ಎಷ್ಟು ಹೊಡೆದರೂ ಬರೀ ಬಿಳಿ ಹೊಗೆ. ಅಂದರೆ ಡೀಸೆಲ್ ಒಳಗೆ ಬೀಳುತ್ತಿದೆ, ಹೊತ್ತಿಕೊಳ್ಳುವಷ್ಟು ಬಿಸಿ ಇಲ್ಲ. "ರಿಂಗು ಹೋಗಿದೆ ಅಣ್ಣ, ಲೈನರ್ ಸಮೇತ ಹಾಕಿಸಿಬಿಡಿ" ಅಂದರು ಕೆಲಸ ಮಾಡಿದ ಮೆಕ್ಯಾನಿಕ್. ರಿಂಗು ಅಂದರೆ ಗಾಳಿ ಸೋರದಂತೆ ಪಿಸ್ಟನ್ನಿನ ಸುತ್ತ ಇರುವ ಬಳೆ, ಲೈನರ್ ಅಂದರೆ ಪಿಸ್ಟನ್ ಓಡುವ ಕೊಳವೆ. ಹಿಂದಿನ ವಾರ ಒಂದೇ ಏಟಿಗೆ ಎದ್ದಿದ್ದ ಇಂಜಿನ್ನು, ರಾತ್ರೋರಾತ್ರಿ ರಿಂಗು ಸವೆಯುತ್ತದೆಯೇ? ನನಗೆ ಒಪ್ಪಿಗೆಯಾಗಲಿಲ್ಲ.

ಲಿವರ್ ಇಳಿಸಿ ಹ್ಯಾಂಡಲನ್ನು ನಿಧಾನ ತಿರುಗಿಸಿ ಕಿವಿಗೊಟ್ಟೆ. ರಿಂಗು ಸೋರಿದರೆ ಕ್ರ್ಯಾಂಕ್‌ಕೇಸಿನ (ಇಂಜಿನ್ನಿನ ಕೆಳಗಿನ ಪೆಟ್ಟಿಗೆಯ) ಗಾಳಿಕಿಂಡಿಯಾದ ಬ್ರೀದರಿನಲ್ಲಿ ಉಸಿರು ಕೇಳಬೇಕು, ಗಾಳಿ ಒಳಬಿಡುವ ಇನ್‌ಲೆಟ್ ವಾಲ್ವಾದರೆ ಏರ್ ಫಿಲ್ಟರಿನಲ್ಲಿ. ನನಗೆ 'ಸ್ಸ್' ಅಂತ ಕೇಳಿದ್ದು ಸೈಲೆನ್ಸರಿನಲ್ಲಿ, ಅಂದರೆ ಸೋರುತ್ತಿದ್ದದ್ದು ಎಕ್ಸಾಸ್ಟ್ ವಾಲ್ವು. ಆಮೇಲೆ ರಾಕರ್ ಕವರನ್ನೇ ಬಿಚ್ಚಿ ತೆಗೆದು ಮತ್ತೆ ತಿರುಗಿಸಿದೆ. ಹ್ಯಾಂಡಲ್ ಅರ್ಧ ಸುತ್ತಿಗೇ ತಡೆದು ಹಿಂದಕ್ಕೆ ನೂಕಿತು. ಕಂಪ್ರೆಶನ್ (ಒಳಗೆ ಗಾಳಿ ಒತ್ತುವ ಬಲ) ಪೂರ್ತಿ ಇದೆ! ಕವರ್ ಕೂರಿಸಿದಾಗ ಮಾಯ, ತೆಗೆದಾಗ ಹಾಜರು.

ಕಾರಣ ಎರಡು. ಗ್ರೈಂಡ್ ಮಾಡಿದ ವಾಲ್ವು ಸೀಟಿನೊಳಗೆ ಇನ್ನಷ್ಟು ಆಳಕ್ಕೆ ಕೂತು ಅದರ ಕಾಂಡದ ತುದಿ ಮೇಲೆ ಬಂದಿತ್ತು. ಟ್ಯಾಪೆಟ್ (ರಾಕರಿಗೂ ವಾಲ್ವಿನ ಕಾಂಡಕ್ಕೂ ನಡುವಿನ ಸಂದು) ಹೊಂದಿಸಿದ್ದರು, ಆದರೆ ರಾಕರಿನ ಆ ತುದಿ ಮೊದಲಿಗಿಂತ ಎತ್ತರದಲ್ಲೇ ಉಳಿಯಿತು. ಜೊತೆಗೆ ಕವರಿನ ಅಡಿಗೆ ನಾನೇ ತೆಳು ಕಾಗದದ ಪ್ಯಾಕಿಂಗ್ ಕತ್ತರಿಸಿ ಹಾಕಿದ್ದೆ, ಅದರಿಂದ ಕವರ್ ಕೆಳಗಿಳಿದಿತ್ತು. ಲಿವರ್ ಇಳಿಸಿದರೂ ಸ್ಕ್ರೂ ರಾಕರನ್ನು ಅದುಮಿಕೊಂಡೇ ಇತ್ತು.

ಸರಿಯಾದ ದಪ್ಪದ ಪ್ಯಾಕಿಂಗ್ ತಂದು ಹಾಕಿದೆ. ಪಿಸ್ಟನ್ನನ್ನು ಕಂಪ್ರೆಶನ್ನಿನ ತುದಿಗೆ ತಂದು, ಲಿವರ್ ಎತ್ತಿಟ್ಟು, ಲಾಕ್‌ನಟ್ ಸಡಿಲಿಸಿ, ಸ್ಕ್ರೂ ರಾಕರಿಗೆ ತಾಗಿ ಟ್ಯಾಪೆಟ್ಟಿನ ಸಂದು ಮುಗಿಯುವವರೆಗೆ ಇಳಿಸಿದೆ. ಅಲ್ಲಿಂದ ಮುಂದೆ ತುಸುವೇ. ಇಲ್ಲಿ ಅವಸರ ಬೇಡವೇ ಬೇಡ, ಡೀಸೆಲ್ ಇಂಜಿನ್ನಿನಲ್ಲಿ ಪಿಸ್ಟನ್ನಿಗೂ ಹೆಡ್ಡಿಗೂ ನಡುವೆ ಇರುವ ಜಾಗ ಬಹಳ ಕಡಿಮೆ. ಸ್ಕ್ರೂ ಹೆಚ್ಚು ಇಳಿದರೆ ವಾಲ್ವು ಪಿಸ್ಟನ್ನಿಗೆ ಬಡಿಯುತ್ತದೆ. ನಟ್ಟು ಬಿಗಿದ ಮೇಲೆ ಕೈಯಲ್ಲೇ ನಿಧಾನವಾಗಿ ನಾಲ್ಕು ಸುತ್ತು ತಿರುಗಿಸಿ, ಎಲ್ಲೂ ತಾಗುತ್ತಿಲ್ಲ ಅಂತ ಖಾತ್ರಿ ಮಾಡಿಕೊಂಡೆ. ಲಿವರ್ ಇಳಿಸಿದಾಗ ಅದು ಸಡಿಲವಾಗಿ ಆಡಬೇಕು, ಆಡಿತು.

ಹೆಬ್ಬೆರಳನ್ನು ಉಳಿದ ಬೆರಳುಗಳ ಪಕ್ಕದಲ್ಲೇ ಇಟ್ಟು ಹ್ಯಾಂಡಲ್ ಹಿಡಿದೆ. ಸುತ್ತಿ ಹಿಡಿದರೆ, ಇಂಜಿನ್ನು ತಿರುಗಿ ಹೊಡೆದಾಗ ಬೆರಳು ಮುರಿಯುತ್ತದೆ. ಡೀಸೆಲ್ ಸಿಂಪಡಿಸುವ ಇಂಜೆಕ್ಟರ್ 'ಕಿರ್ ಕಿರ್' ಅನ್ನುವುದು ಕೇಳುವವರೆಗೆ ತಿರುಗಿಸಿ ಲಿವರ್ ಬಿಟ್ಟೆ. ಎರಡನೇ ಏಟಿಗೆ ಎದ್ದಿತು, ಹೊಗೆಯೂ ತಿಳಿಯಾಯಿತು.

ನಿಲ್ಲಿಸುವಾಗ ಕೆಲವರು ಇದೇ ಲಿವರ್ ಎಳೆಯುತ್ತಾರೆ, ನಾನೂ ಹಿಂದೆ ಎಳೆಯುತ್ತಿದ್ದೆ. ಓಡುವ ಇಂಜಿನ್ನಿನಲ್ಲಿ ಹಾಗೆ ಮಾಡಿದರೆ ಉರಿ ವಾಲ್ವಿನ ಸಂದಿನಲ್ಲಿ ನುಗ್ಗಿ ಸೀಟು ಸುಡುತ್ತದೆ. ಈಗ ಡೀಸೆಲ್ ಕಟ್ ಮಾಡಿಯೇ ನಿಲ್ಲಿಸುತ್ತೇನೆ. ಲಿವರ್ ಮುಟ್ಟುವುದು ಮರುದಿನ ಎಬ್ಬಿಸುವಾಗಲೇ.