ಫಿಲಡೆಲ್ಫಿಯಾದ ಹಳೆಯ ಸಾಲಿನಲ್ಲಿ ಹೊಸ ಮನೆ ಕಟ್ಟುವ ಬಗೆ

ಫಿಲಡೆಲ್ಫಿಯಾದ ಹಳೆಯ ಬೀದಿಗಳಲ್ಲಿ, ಗೋಡೆಗೆ ಗೋಡೆ ಅಂಟಿಕೊಂಡ ಮನೆಗಳ ಸಾಲಿನ ನಡುವೆ ಒಂದು ಮನೆ ಕೆಡವಿ ತೆರವಾದ ನಿವೇಶನದಲ್ಲಿ ಕಟ್ಟಹೊರಟವರು, ನಕ್ಷೆಗೆ ಕೈಹಾಕುವ ಮುನ್ನ ಎರಡೂ ಪಕ್ಕದ ಜಂಟಿ ಗೋಡೆಗಳನ್ನು ಎಂಜಿನಿಯರ್‌ರಿಂದ ಪರೀಕ್ಷೆ ಮಾಡಿಸಬೇಕು. ಒಳಗೋಡೆಯೆಂದು ಕಟ್ಟಿದ ಮೆದು ಇಟ್ಟಿಗೆ ಈಗ ಮಳೆಗೆ ಒಡ್ಡಿಕೊಂಡಿರುತ್ತದೆ. ಸಂದುಗಳ ಸುಣ್ಣದ ಗಾರೆಯನ್ನು ಬೆರಳಿನಿಂದ ಕೆರೆದರೆ ಪುಡಿಯಾಗಿ ಉದುರುವುದುಂಟು. ತಳಪಾಯ ಬಹುತೇಕ ಕಾಡುಗಲ್ಲಿನದು. ನೆಲಮಾಳಿಗೆಯನ್ನು ಅದಕ್ಕಿಂತ ಆಳಕ್ಕೆ ಅಗೆಯಬೇಕಾದಲ್ಲಿ, ಗೋಡೆಯುದ್ದಕ್ಕೂ ಒಮ್ಮೆಲೇ ತೋಡದೆ, ಮೂರು-ನಾಲ್ಕು ಅಡಿಗಳ ತುಂಡುಗಳನ್ನು ನಡುವೆ ಜಾಗ ಬಿಟ್ಟು ಅಗೆದು, ಕಾಂಕ್ರೀಟ್ ತುಂಬಿ, ಅದು ಗಟ್ಟಿಯಾದ ಮೇಲೆಯೇ ಉಳಿದ ತುಂಡುಗಳಿಗೆ ಹೋಗಬೇಕು. ಇಲ್ಲಿ ಹಣ ಉಳಿಸುವುದೆಂದರೆ ನೆರೆಯವರ ಮನೆಯನ್ನು ಪಣಕ್ಕಿಟ್ಟಂತೆ.

ಸುಮಾರು 16 ಅಡಿ ಅಗಲದ ಮನೆಗೆ ಬೆಳಕು ಬರುವುದು ಮುಂದಿನಿಂದ ಮತ್ತು ಹಿಂದಿನಿಂದ ಮಾತ್ರ. ಆದ್ದರಿಂದ ಮೆಟ್ಟಿಲನ್ನು ಮಧ್ಯಕ್ಕೆ ತಂದು, ಹಲಗೆಗಳ ನಡುವೆ ತೆರವು ಬಿಟ್ಟು, ಮೇಲೆ ಗಾಜಿನ ಬೆಳಕಿಂಡಿ ಇರಿಸಿದರೆ ಕತ್ತಲ ನಡುಮನೆ ತಪ್ಪುತ್ತದೆ.

ಮುಂಭಾಗಕ್ಕೆ ಇಟ್ಟಿಗೆಯೇ ಆಗಬೇಕೆಂದಿಲ್ಲ, ಲೋಹದ ಹಾಳೆಯೂ ಒಪ್ಪೀತು. ಆದರೆ ಗೋಡೆ ಬೀದಿಯ ಸಾಲಿನಿಂದ ಹಿಂದೆ ಸರಿಯಬಾರದು. ಮುಂಬಾಗಿಲ ಜಾಗಕ್ಕೆ ಗ್ಯಾರೇಜು ಬಂದರಂತೂ ಜಗಲಿಮೆಟ್ಟಿಲೂ ಹೋಗುತ್ತದೆ, ಬೀದಿಯತ್ತ ನೋಡುವ ಕಿಟಕಿಯೂ ಹೋಗುತ್ತದೆ. ಕಾರಿಗೆ ಹಿತ್ತಲ ಓಣಿಯಿದ್ದರೆ ಅಲ್ಲಿಂದಲೇ ದಾರಿ ಕೊಡುವುದು ಲೇಸು.