ಜರ್ಮನಿಯಲ್ಲಿ ಬಂದ ವಕೀಲರ ಪತ್ರಕ್ಕೆ ನಾನು ಉತ್ತರ ಕೊಟ್ಟ ರೀತಿ

ಬೆಳಗಾವಿಯಿಂದ ಓದಲು ಜರ್ಮನಿಗೆ ಹೊರಟ ಹುಡುಗರು ನನ್ನ ಹತ್ತಿರ ಬಂದರೆ ಚಳಿ ಬಟ್ಟೆ, ಬ್ಯಾಂಕ್ ಖಾತೆ, ಪಾರ್ಟ್‌ಟೈಮ್ ಕೆಲಸದ ಬಗ್ಗೆ ಕೇಳುತ್ತಾರೆ. ನಾನು ಮೊದಲು ಹೇಳುವುದು ಟೊರೆಂಟ್ ಬಗ್ಗೆ, ಅಂದರೆ ನೆಟ್‌ನಲ್ಲಿ ಜನ ತಮ್ಮತಮ್ಮಲ್ಲೇ ಫೈಲು ಹಂಚಿಕೊಂಡು ಇಳಿಸಿಕೊಳ್ಳುವ ವಿಧಾನದ ಬಗ್ಗೆ. ಅಲ್ಲಿ ಇಂಟರ್ನೆಟ್ ಕನೆಕ್ಷನ್ ನಿಮ್ಮ ಹೆಸರಲ್ಲಿದ್ದರೆ, ಮನೆಯಲ್ಲಿ ಯಾರು ಸಿನಿಮಾ ಇಳಿಸಿಕೊಂಡರೂ ವಕೀಲರ ಪತ್ರ ನಿಮಗೇ ಬರುತ್ತದೆ. 2019ರಲ್ಲಿ ನನಗೆ ಬಂದಿತ್ತು.

ಆಗ ನಾನು ಡ್ರೆಸ್ಡೆನ್‌ನಲ್ಲಿ ಎಂ.ಎಸ್. ಓದುತ್ತಿದ್ದೆ. ಮೂವರು ಒಂದೇ ಫ್ಲ್ಯಾಟ್‌ನಲ್ಲಿದ್ದೆವು. ವೈಫೈ ನನ್ನ ಹೆಸರಲ್ಲಿತ್ತು. ಪತ್ರದಲ್ಲಿ ಒಂದು ಸಿನಿಮಾದ ಹೆಸರು, ಐಪಿ ವಿಳಾಸ (ಇಂಟರ್ನೆಟ್ ಕನೆಕ್ಷನ್‌ನ ಗುರುತಿನ ಸಂಖ್ಯೆ), ಸೆಕೆಂಡ್ ಸಮೇತ ಸಮಯ, ಸುಮಾರು 900 ಯೂರೊ ಬೇಡಿಕೆ, ತೀರಾ ಹತ್ತಿರದ ಗಡುವು. ಜೊತೆಗೆ, ಇನ್ನು ಮುಂದೆ ಹೀಗೆ ಆಗುವುದಿಲ್ಲ ಎಂದು ಸಹಿ ಹಾಕಿ ಕಳಿಸಲು ಅವರೇ ಬರೆದಿಟ್ಟ ಒಂದು ಮುಚ್ಚಳಿಕೆ. ಇಂಥ ಪತ್ರಕ್ಕೆ ಅಲ್ಲಿ ಆಬ್‌ಮಾನುಂಗ್ ಎನ್ನುತ್ತಾರೆ.

ಆ ಸಿನಿಮಾ ನಾನು ಇಳಿಸಿರಲಿಲ್ಲ. ರೂಮ್‌ಮೇಟ್ ಸುಮ್ನೆ ಕಸದ ಬುಟ್ಟಿಗೆ ಹಾಕು ಎಂದ. ಮನೆಗೆ ಫೋನ್ ಮಾಡಿದರೆ ಅಪ್ಪ, "ರೊಕ್ಕ ಕೊಟ್ಟು ಮುಗಿಸಿಬಿಡು ತಮ್ಮಾ, ಪರದೇಶದಾಗ ಕೋರ್ಟಿನ ಉಸಾಬರಿ ಬ್ಯಾಡ" ಎಂದರು. ಬೆಳಗಾವಿ ಕೋರ್ಟ್‌ನಲ್ಲಿ ವಕೀಲಿ ಮಾಡುವ ಕಾಕಾ ಮಾತ್ರ ಬೇರೆ ಹೇಳಿದರು. "ಸಹಿ ಮಾಡಬ್ಯಾಡ, ಒಗೀಲೂಬ್ಯಾಡ. ಅಲ್ಲಿ ಕಾಯ್ದೆ ಬಲ್ಲವ್ರನ್ನ ಕೇಳಿ ಗಡುವಿನೊಳಗ ಉತ್ತರಾ ಬರಿ." ಆಧಾರವಿಲ್ಲದೆ ಬೆದರಿಸಿದವರ ಮೇಲೇ ದಾವೆ ಹಾಕಲು ನಮ್ಮ 1957ರ ಕಾಪಿರೈಟ್ ಕಾಯ್ದೆಯಲ್ಲಿ 60ನೇ ಕಲಂ ಇದೆಯಂತೆ. ಆದರೆ ಅದು ಡ್ರೆಸ್ಡೆನ್‌ನಲ್ಲಿ ನಡೆಯುವುದಿಲ್ಲ ಎಂದೂ ಅವರೇ ಹೇಳಿದರು.

ಯೂನಿವರ್ಸಿಟಿಗಳಲ್ಲಿ ವಿದ್ಯಾರ್ಥಿಗಳಿಗೆ ಕಾನೂನು ಸಲಹೆ ಹೆಚ್ಚಾಗಿ ಪುಕ್ಕಟೆ ಸಿಗುತ್ತದೆ. ಊರೂರಲ್ಲಿ ಗ್ರಾಹಕರ ಸಲಹಾ ಕೇಂದ್ರಗಳೂ ಇವೆ, ಫೀ ಕಡಿಮೆ. ನಾನು ಎರಡೂ ಕಡೆ ಹೋದೆ. ಅಲ್ಲಿ ಗೊತ್ತಾದದ್ದು ಇಷ್ಟು. ಟೊರೆಂಟ್‌ನಲ್ಲಿ ಇಳಿಸಿಕೊಳ್ಳುವಾಗಲೇ ಅದೇ ಫೈಲಿನ ತುಣುಕುಗಳು ನಿಮ್ಮ ಕಂಪ್ಯೂಟರ್‌ನಿಂದ ಬೇರೆಯವರಿಗೂ ಹೋಗುತ್ತವೆ. ಆ ಹಂಚಿಕೆಯೇ ದೊಡ್ಡ ಆರೋಪ. ಸಿನಿಮಾ ಕಂಪನಿ ಪರವಾಗಿ ಕಾವಲು ಕೂತವರು ಐಪಿ ವಿಳಾಸ ಬರೆದುಕೊಳ್ಳುತ್ತಾರೆ, ಕೋರ್ಟಿನ ಅನುಮತಿ ಪಡೆದು ಇಂಟರ್ನೆಟ್ ಕಂಪನಿಯಿಂದ ಹೆಸರು ತರಿಸುತ್ತಾರೆ. ಬರುವುದು ಬಿಲ್ ಕಟ್ಟುವವರ ಹೆಸರು. ಕೀಬೋರ್ಡ್ ಮುಂದೆ ಯಾರಿದ್ದರು ಎಂಬುದು ಅವರಿಗೂ ಗೊತ್ತಿಲ್ಲ. ನನ್ನ ಉತ್ತರ ನಿಂತದ್ದು ಈ ಒಂದು ಸಂಗತಿಯ ಮೇಲೆ.

ಆದರೆ "ನಾನಲ್ಲ" ಎಂದಷ್ಟೇ ಬರೆದರೆ ಸಾಲದು. ಆ ಹೊತ್ತಿನಲ್ಲಿ ವೈಫೈ ಬಳಸಲು ಇನ್ಯಾರಿಗೆ ಅವಕಾಶವಿತ್ತು ಎಂದು ಹೇಳಬೇಕು. ದೊಡ್ಡವರಾದ ರೂಮ್‌ಮೇಟ್‌ಗಳಿಗೆ, ಅತಿಥಿಗಳಿಗೆ ಮೊದಲೇ ಎಚ್ಚರಿಕೆ ಕೊಡಬೇಕಾದ ಹೊಣೆ ಕನೆಕ್ಷನ್ ಇರುವವನ ಮೇಲಿಲ್ಲ ಎಂದು ಜರ್ಮನಿಯ ಅತ್ಯುನ್ನತ ಸಿವಿಲ್ ಕೋರ್ಟ್ 2016ರಲ್ಲಿ ತೀರ್ಪು ಕೊಟ್ಟಿದೆ. ಅದೇ ಕೋರ್ಟ್ 2017ರಲ್ಲಿ ಇನ್ನೊಂದು ಮಾತನ್ನೂ ಹೇಳಿದೆ. ಯಾರು ಮಾಡಿದರು ಎಂದು ಗೊತ್ತಿದ್ದೂ ಮುಚ್ಚಿಟ್ಟರೆ, ಹೊಣೆ ನಿಮ್ಮ ಮೇಲೇ ಬೀಳುತ್ತದೆ. ಆ ಪ್ರಕರಣದಲ್ಲಿ ತಮ್ಮ ಮಕ್ಕಳಲ್ಲಿ ಯಾರೆಂದು ಗೊತ್ತಿದ್ದೂ ಹೆತ್ತವರು ಹೆಸರು ಹೇಳಿರಲಿಲ್ಲ.

ಇದು ನನಗೆ ತುಂಬಾ ಕಷ್ಟವಾಯಿತು. ಒಂದೇ ಕುಕ್ಕರ್‌ನ ಅನ್ನ ತಿನ್ನುವ ಗೆಳೆಯರನ್ನು ಕೂರಿಸಿ ಕೇಳಬೇಕಲ್ವಾ? ಕೇಳಿದೆ. ಇಬ್ಬರೂ ಇಲ್ಲ ಎಂದರು. ಆ ವಾರ ಬಂದು ಹೋದ ಒಬ್ಬ ಅತಿಥಿಯೂ ಪಾಸ್‌ವರ್ಡ್ ಪಡೆದಿದ್ದ, ಅವನೂ ಇಲ್ಲ ಎಂದ. ಯಾರೆಂದು ನನಗೆ ತಿಳಿಯಲಿಲ್ಲ. ಹಾಗಾಗಿ ಉತ್ತರದಲ್ಲಿ ಊಹೆ ಸೇರಿಸಲಿಲ್ಲ. ಯಾರ್ಯಾರು ಇದ್ದರು, ಯಾರಿಗೆ ಪಾಸ್‌ವರ್ಡ್ ಇತ್ತು, ನಾನು ಯಾರನ್ನು ಕೇಳಿದೆ, ನನ್ನ ಲ್ಯಾಪ್‌ಟಾಪ್‌ನಲ್ಲಿ ಟೊರೆಂಟ್ ಪ್ರೋಗ್ರಾಂ ಇಲ್ಲ, ಇಷ್ಟೇ. ಇಲ್ಲಿ ಸುಳ್ಳು ಬರೆಯಬೇಡಿ. ಮುಂದೆ ಕೋರ್ಟಿನಲ್ಲಿ ಅದೇ ಕಾಗದ ನಿಮ್ಮ ಎದುರಿಗೆ ಬರುತ್ತದೆ.

ಮುಚ್ಚಳಿಕೆಯ ವಿಷಯ ಇನ್ನೂ ಸೂಕ್ಷ್ಮ. ಅವರು ಕಳಿಸಿದ ಕಾಗದಕ್ಕೆ ಸಹಿ ಹಾಕಿದ್ದರೆ ತಪ್ಪು ಒಪ್ಪಿಕೊಂಡು, ಹಣವನ್ನೂ ಒಪ್ಪಿಕೊಂಡಂತೆ ಆಗುತ್ತಿತ್ತು. ಅದು ವರ್ಷಗಟ್ಟಲೆ ಕಟ್ಟಿಹಾಕುತ್ತದೆ. ಮತ್ತೆ ಅದೇ ಮನೆಯಲ್ಲಿ ಅದೇ ಆದರೆ ಸಾವಿರಾರು ಯೂರೊ ದಂಡ. ಏನೂ ಕೊಡದೆ ಸುಮ್ಮನಿದ್ದರೆ ಅವರು ಕೋರ್ಟಿನಿಂದ ತುರ್ತು ತಡೆಯಾಜ್ಞೆ ತರಬಹುದು, ಖರ್ಚು ಏರುತ್ತದೆ. ಸಲಹೆ ಕೊಟ್ಟ ವಕೀಲೆ ಇದನ್ನು ನೋಡಿ ಮುಚ್ಚಳಿಕೆಯನ್ನು ಹೊಸದಾಗಿ ಬರೆಸಿದರು. ಆ ಒಂದು ಸಿನಿಮಾಕ್ಕೆ ಮಾತ್ರ ಅನ್ವಯ, ತಪ್ಪು ಒಪ್ಪಿಕೊಂಡಿಲ್ಲ, ಹಣದ ಹೊಣೆ ಇಲ್ಲ. ನೆಟ್‌ನಲ್ಲಿ ಸಿಗುವ ಮಾದರಿಯನ್ನು ಕಣ್ಣು ಮುಚ್ಚಿ ನಕಲು ಮಾಡಬೇಡಿ. ಮುಚ್ಚಳಿಕೆ ಕೊಡಲೇಬೇಕಾದ ಪ್ರಕರಣವೂ ಇದೆ, ಬೇಡದ ಪ್ರಕರಣವೂ ಇದೆ.

ಬೇಡಿಕೆಯ ಮೊತ್ತವನ್ನೂ ಪ್ರಶ್ನಿಸಬಹುದು. ಖಾಸಗಿ ವ್ಯಕ್ತಿಯ ಮೊದಲ ಪ್ರಕರಣದಲ್ಲಿ ಅವರ ವಕೀಲರ ಫೀಯನ್ನು ಯಾವ ಮೊತ್ತದ ಮೇಲೆ ಲೆಕ್ಕ ಹಾಕುತ್ತಾರೋ ಆ ಮೊತ್ತವನ್ನು 2013ರ ಕಾನೂನು ಸಾಮಾನ್ಯವಾಗಿ 1,000 ಯೂರೊಗೆ ಮಿತಿಗೊಳಿಸಿದೆ. ಸಿನಿಮಾದ ನಷ್ಟ ಪರಿಹಾರ ಬೇರೆ ಬಾಬ್ತು. ನಾನು ಎರಡನ್ನೂ ಒಪ್ಪುವುದಿಲ್ಲ ಎಂದು ಬರೆದು ರಿಜಿಸ್ಟರ್ ಪೋಸ್ಟ್‌ನಲ್ಲಿ ಕಳಿಸಿದೆ, ರಸೀದಿ ಇಟ್ಟುಕೊಂಡೆ.

ಆಮೇಲೆ ಕಡಿಮೆ ಮೊತ್ತದ ರಾಜಿ ಪತ್ರ ಬಂತು. ಹಳೆಯ ಉತ್ತರವನ್ನೇ ಮತ್ತೆ ಕಳಿಸಿದೆ. ಮುಂದೆ ಅವರು ಕೋರ್ಟಿಗೆ ಹೋಗಲಿಲ್ಲ. ಆದರೆ ಕೋರ್ಟಿನಿಂದಲೇ ಹಣದ ನೋಟಿಸ್ ಬಂದರೆ ಮಾತು ಬೇರೆ. ಎರಡು ವಾರದೊಳಗೆ ಆಕ್ಷೇಪಣೆ ಸಲ್ಲಿಸಲೇಬೇಕು.

ಇಮೇಲ್‌ನಲ್ಲಿ ಬಂದ ಇಂಥ ಪತ್ರಕ್ಕೆ ಜಿಪ್ ಫೈಲ್ ಅಂಟಿದ್ದರೆ ತೆರೆಯಬೇಡಿ, ಇವುಗಳಲ್ಲಿ ನಕಲಿ ಜಾಸ್ತಿ. ನಿಜವಾದ ಪತ್ರದ ಕಡತವನ್ನು ಊರಿಗೆ ಮರಳುವಾಗ ಜೊತೆಗೆ ತನ್ನಿ. ವಕೀಲರ ಖರ್ಚಿನ ಬೇಡಿಕೆ 3 ವರ್ಷಕ್ಕೆ ಅವಧಿ ಮೀರಿ ಬಿದ್ದುಹೋದರೂ ಪರಿಹಾರದ ಬೇಡಿಕೆ 10 ವರ್ಷದವರೆಗೆ ಎಳೆಯಬಹುದು.